‘ನರಹುಲಿ ಸಹಿತ’ : ಒಂದು ಆಂಗ್ಲ ನುಡಿಗಟ್ಟಿನ ಹುಟ್ಟು ಮತ್ತು ನೀತಿ

ಆಂಗ್ಲ ಭಾಷೆಯಲ್ಲಿ ‘ವಾರ್ಟ್ಸ್ ಅಂಡ್ ಆಲ್’ ಎಂಬ ನುಡಿಗಟ್ಟು ಬಹಳ ಪ್ರಚಲಿತವಾದುದು. ‘ವಾರ್ಟ್’ ಎಂದರೆ ಚರ್ಮದ ಮೇಲೆ ಏಳುವ ನರಹುಲಿ. ಆದುದರಿಂದ ಈ ಮಾತಿನ ಶಬ್ದಾರ್ಥವು ‘ನರಹುಲಿಗಳೂ ಸೇರಿದಂತೆ ಎಲ್ಲವೂ’ ಎಂದಾಗುತ್ತದೆ. ಒಬ್ಬ ವ್ಯಕ್ತಿಯ ಅಥವಾ ಒಂದು ಸಂಸ್ಥೆಯ ಕುಂದುಕೊರತೆಗಳನ್ನು ಮರೆಮಾಚದೆ ಇದ್ದುದನ್ನು ಇದ್ದಂತೆ ತೋರಿಸುವುದು ಇದರ ಒಂದು ಅರ್ಥ. ಆ ಕುಂದುಕೊರತೆಗಳೊಡನೆಯೇ ಆ ವ್ಯಕ್ತಿಯನ್ನು ಒಪ್ಪಿಕೊಳ್ಳುವುದು ಇನ್ನೊಂದು ಅರ್ಥ. ನಿಘಂಟುಗಳು ಈ ಎರಡು ಅರ್ಥಗಳನ್ನೂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತವೆ. ಆದರೆ ತೋರಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದು ಸತ್ಯಕ್ಕೆ ಸಂಬಂಧಿಸಿದ ಕ್ರಿಯೆ, ಎರಡನೆಯದು ಸ್ನೇಹಕ್ಕೋ ಕ್ಷಮೆಗೋ ಸಂಬಂಧಿಸಿದ ಕ್ರಿಯೆ. ಈ ಎರಡೂ ಒಂದೇ ಮಾತಿನೊಳಗೆ ಹೇಗೆ ಬಂದು ಸೇರಿದವು, ಅದರಿಂದ ಲಾಭವಾದುದೇನು, ನಷ್ಟವಾದುದೇನು ಎಂಬುದು ನೀತಿವಿಚಾರದಲ್ಲಿ ಆಸಕ್ತರಾದವರೆಲ್ಲರೂ ಪರಿಶೀಲಿಸಬೇಕಾದ ವಿಷಯವಾಗಿದೆ.

ಕಥೆ ಮತ್ತು ಅದರ ನಾಯಕ

ಈ ನುಡಿಗಟ್ಟಿನ ಹಿಂದೆ ಒಂದು ಐತಿಹಾಸಿಕ ಕಥೆಯುಂಟು. ಅದರ ನಾಯಕ ಆಲಿವರ್ ಕ್ರಾಮ್‌ವೆಲ್. ಈತನು 1599ರಲ್ಲಿ ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬ ಊರಿನಲ್ಲಿ ಸಾಧಾರಣ ಜಮೀನುದಾರರ ಮನೆತನದಲ್ಲಿ ಜನಿಸಿದನು. ದೊರೆ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಅಂತರ್ಯುದ್ಧ ಆರಂಭವಾದಾಗ ಪಾರ್ಲಿಮೆಂಟಿನ ಪಕ್ಷದ ಸೇನಾನಿಯಾಗಿ ಪ್ರಸಿದ್ಧಿಗೆ ಬಂದನು. 1649ರ ಜನವರಿ 30ರಂದು ದೊರೆಯ ಶಿರಚ್ಛೇದವಾಯಿತು. ಆ ಮರಣದಂಡನೆಯ ಆಜ್ಞಾಪತ್ರಕ್ಕೆ ಸಹಿ ಹಾಕಿದ 59 ಮಂದಿಯಲ್ಲಿ ಕ್ರಾಮ್‌ವೆಲ್ಲನೂ ಒಬ್ಬನು. 1653ರ ಡಿಸೆಂಬರಿನಲ್ಲಿ ‘ಲಾರ್ಡ್ ಪ್ರೊಟೆಕ್ಟರ್’ ಎಂಬ ಬಿರುದಿನಿಂದ ರಾಷ್ಟ್ರದ ಅಧಿಪತಿಯಾದನು. 1657ರಲ್ಲಿ ಪಾರ್ಲಿಮೆಂಟು ಕಿರೀಟವನ್ನೇ ಅರ್ಪಿಸಲು ಮುಂದಾದಾಗ ಅದನ್ನು ನಿರಾಕರಿಸಿದನು. 1658ರ ಸೆಪ್ಟೆಂಬರ್ 3ರಂದು ಮರಣ ಹೊಂದಿದನು.

ಕಥೆಯ ಎರಡನೆಯ ಪಾತ್ರ ಚಿತ್ರಕಾರ ಪೀಟರ್ ಲೀಲಿ. ಈತನು 1618ರಲ್ಲಿ ವೆಸ್ಟ್‌ಫೇಲಿಯಾ ಪ್ರಾಂತ್ಯದ ಜೋಸ್ಟ್ ಎಂಬಲ್ಲಿ ಡಚ್ ಮಾತಾಪಿತರಿಗೆ ಜನಿಸಿ, 1640ರ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದು ನೆಲೆಸಿದನು. ಅಂತರ್ಯುದ್ಧದ ಮೊದಲು ಅರಸನ ಆಶ್ರಯದಲ್ಲಿದ್ದವರನ್ನೂ, ಅನಂತರ ಅರಸನನ್ನು ಕೆಳಗಿಳಿಸಿದವರನ್ನೂ, ಅವರೂ ಉರುಳಿದ ಮೇಲೆ ಮರಳಿ ಬಂದ ಅರಸನ ಮಗನನ್ನೂ ಒಂದೇ ಕೈಚಳಕದಿಂದ ಚಿತ್ರಿಸಿದ ವ್ಯವಹಾರಕುಶಲಿ ಈತನು. ಕ್ರಾಮ್‌ವೆಲ್ಲನು ತನ್ನ ಭಾವಚಿತ್ರ ಬರೆಯಲು ಈ ಲೀಲಿಯನ್ನು ಕರೆಸಿ, ತನ್ನನ್ನು ತನ್ನಂತೆಯೇ ಬರೆಯಲು ಎಲ್ಲ ಕೌಶಲವನ್ನೂ ಬಳಸಬೇಕೆಂದೂ, ಯಾವ ಮುಖಸ್ತುತಿಯೂ ಕೂಡದೆಂದೂ, ಮುಖದ ಒರಟು, ಮೊಡವೆ, ನರಹುಲಿ ಎಲ್ಲವೂ ಕಂಡಂತೆ ಮೂಡಬೇಕೆಂದೂ, ಇಲ್ಲವಾದರೆ ಒಂದು ಫಾರ್ದಿಂಗನ್ನೂ ಕೊಡುವುದಿಲ್ಲವೆಂದೂ ಹೇಳಿದನೆಂಬುದು ಕಥೆ. ಫಾರ್ದಿಂಗ್ ಎಂದರೆ ಪೆನ್ನಿಯ ಕಾಲು ಭಾಗ, ಆ ಕಾಲದ ಅತಿ ಕಿರಿಯ ನಾಣ್ಯಗಳಲ್ಲಿ ಒಂದು. ಕನ್ನಡದಲ್ಲಿ ಹೇಳುವುದಾದರೆ ‘ಬಿಡಿಗಾಸನ್ನೂ ಕೊಡೆನು’ ಎಂಬ ಮಾತು.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಈ ಕೊನೆಯ ಮಾತೇ ಕಥೆಯ ಜೀವಾಳ. ಲೋಕದಲ್ಲಿ ಹಣ ಕೊಡುವವನು ಹೊಗಳಿಕೆಯನ್ನು ಕೊಳ್ಳುತ್ತಾನೆ. ಭಾವಚಿತ್ರವಾಗಲಿ, ಬಿನ್ನವತ್ತಳೆಯಾಗಲಿ, ಅಭಿನಂದನ ಗ್ರಂಥವಾಗಲಿ, ಖರ್ಚು ವಹಿಸಿದವನ ಮುಖ ಕೊಂಚ ಬೆಳ್ಳಗಾಗಿಯೇ ಮೂಡುವುದು ವಾಡಿಕೆ. ಇಲ್ಲಿಯಾದರೋ ಹಣ ಕೊಡುವವನೇ ಸತ್ಯವನ್ನು ಕರಾರಿನ ಷರತ್ತಾಗಿ ಮಾಡಿದ್ದಾನೆ. ಸುಳ್ಳು ಬೆರೆತರೆ ಸರಕು ವಾಪಸ್ಸು ಎಂದು ಹೇಳಿದ್ದಾನೆ. ಈ ಕಥೆಯು ಬಹುಕಾಲದಿಂದ ಜನಮನದಲ್ಲಿ ಉಳಿದಿರುವುದಕ್ಕೆ ಇದೇ ಕಾರಣವಿರಬೇಕು.

ಕಥೆಯ ಪ್ರಾಮಾಣ್ಯ

ಆದರೆ ವಿಮರ್ಶೆಯು ಕಥೆಯ ಸೊಬಗಿಗೆ ಮಾರುಹೋಗಬಾರದು. ಈ ಪ್ರಸಂಗವು ಮುದ್ರಣದಲ್ಲಿ ಪ್ರಸಿದ್ಧವಾದುದು ಹೊರೇಸ್ ವಾಲ್‌ಪೋಲನ ‘ಅನೆಕ್‌ಡೋಟ್ಸ್ ಆಫ್ ಪೇಂಟಿಂಗ್ ಇನ್ ಇಂಗ್ಲೆಂಡ್’ ಎಂಬ ಗ್ರಂಥದಿಂದ. ಈ ಗ್ರಂಥದ ಸಂಪುಟಗಳು ಹೊರಬರಲು ಆರಂಭವಾದುದು 1762ರಲ್ಲಿ, ಅಂದರೆ ಕ್ರಾಮ್‌ವೆಲ್ಲನು ಮರಣಿಸಿ ನೂರು ವರ್ಷಗಳು ಕಳೆದ ಮೇಲೆ. ವಾಲ್‌ಪೋಲನು ಗ್ರಂಥಕ್ಕೆ ಆಧಾರವಾಗಿ ಇಟ್ಟುಕೊಂಡುದು ಜಾರ್ಜ್ ವರ್ಚೂ ಎಂಬ ಕೆತ್ತನೆಗಾರನ ಟಿಪ್ಪಣಿ ಪುಸ್ತಕಗಳನ್ನು. ವರ್ಚೂ 1756ರಲ್ಲಿ ತೀರಿಕೊಂಡ ಮೇಲೆ ಆತನ ವಿಧವೆಯಿಂದ ವಾಲ್‌ಪೋಲನು ಅವುಗಳನ್ನು ಕೊಂಡುಕೊಂಡಿದ್ದನು. ಕ್ರಾಮ್‌ವೆಲ್ಲನ ಮಾತುಗಳನ್ನು ಕ್ಯಾಪ್ಟನ್ ವಿಂಡ್ ಎಂಬಾತನು ಬಕಿಂಗ್‌ಹ್ಯಾಮಿನ ಡ್ಯೂಕನಾಗಿದ್ದ ಶೆಫೀಲ್ಡನಿಗೆ ಹೇಳಿದನೆಂದು ಅಲ್ಲಿ ಬರೆದಿದೆ. ಹೀಗೆ ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಬಂದ ಮಾತು ಇದು. ಅಲ್ಲದೆ ‘ವಾರ್ಟ್ಸ್ ಅಂಡ್ ಆಲ್’ ಎಂಬ ಪದಪುಂಜವು ವಾಲ್‌ಪೋಲನ ಬರಹದಲ್ಲಿಯೂ ಇದೇ ರೂಪದಲ್ಲಿ ಇಲ್ಲ. ಅಲ್ಲಿರುವ ಉದ್ದನೆಯ ಮಾತನ್ನು ಜನರು ಉಜ್ಜಿ ಸಾಣೆ ಹಿಡಿದು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಿರಿದಾದ ರೂಪಕ್ಕೆ ತಂದರು. ನರಹುಲಿಯನ್ನು ಮರೆಮಾಚಬೇಡ ಎಂಬ ಮಾತಿಗೇ ಜನರು ಮೆರುಗು ಕೊಟ್ಟರು ಎನ್ನಬೇಕು!

ಚಿತ್ರಗಳ ಸಾಕ್ಷ್ಯವೂ ಕಥೆಗೆ ಪೂರ್ಣವಾಗಿ ಅನುಕೂಲವಾಗಿಲ್ಲ. ಲೀಲಿಯು 1653–54ರ ಸುಮಾರಿಗೆ ಬರೆದನೆನ್ನಲಾದ ಕ್ರಾಮ್‌ವೆಲ್ಲನ ಭಾವಚಿತ್ರವು ಬರ್ಮಿಂಗ್‌ಹ್ಯಾಮಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ನರಹುಲಿ ಇರುವುದು ನಿಜ. ಆದರೆ ಆ ಕಾಲದ ಶ್ರೇಷ್ಠ ಕಿರುಚಿತ್ರಕಾರನಾಗಿದ್ದ ಸ್ಯಾಮ್ಯುಯೆಲ್ ಕೂಪರನು ತೊಗಲಿನ ಹಾಳೆಯ ಮೇಲೆ ಜಲವರ್ಣದಲ್ಲಿ ಬರೆದ ಕ್ರಾಮ್‌ವೆಲ್ಲನ ಅಪೂರ್ಣ ಚಿತ್ರವೊಂದಿದೆ. ಕಲಾವಿಮರ್ಶಕರಲ್ಲಿ ಹೆಚ್ಚಿನವರ ಅಭಿಪ್ರಾಯದಂತೆ ಲೀಲಿಯ ಚಿತ್ರದಲ್ಲಿರುವ ಮುಖವು ಕೂಪರನ ಈ ಮುಖವನ್ನು ಅನುಸರಿಸಿ ಬರೆದುದು. ಹಾಗಾದರೆ ಕ್ರಾಮ್‌ವೆಲ್ಲನು ಎದುರು ಕುಳಿತುದು ಕೂಪರನ ಮುಂದೆಯೇ ಹೊರತು ಲೀಲಿಯ ಮುಂದೆ ಅಲ್ಲದಿರಬಹುದು. ಕೂಪರನ ಚಿತ್ರವು ಅಂಗೈಯಗಲದ್ದು. ಅದರಲ್ಲಿ ತೆಳುವಾಗುತ್ತಿರುವ ಕೂದಲು, ದಣಿದ ಕಣ್ಣು, ಕೆಳದುಟಿಯ ಕೆಳಗಿನ ಗಂಟು ಯಾವುದನ್ನೂ ಚಿತ್ರಕಾರನು ಬಿಟ್ಟಿಲ್ಲ, ಯಾವುದನ್ನೂ ಹಿಗ್ಗಿಸಿಯೂ ಇಲ್ಲ. ಕ್ರಾಮ್‌ವೆಲ್ಲನ ಮರಣಾನಂತರ ತೆಗೆದ ಮುಖದ ಅಚ್ಚಿನಲ್ಲಿಯೂ ನರಹುಲಿಗಳು ಕಾಣುವುದರಿಂದ ಚಿತ್ರಕಾರನು ಸುಳ್ಳು ಬರೆಯಲಿಲ್ಲವೆಂದು ಸಿದ್ಧವಾಗುತ್ತದೆ.

ಹಾಗಿರುವಾಗ ಕಥೆಯು ಕೂಪರನನ್ನು ಬಿಟ್ಟು ಲೀಲಿಯನ್ನು ಏಕೆ ಹಿಡಿದುಕೊಂಡಿತು? ಲೀಲಿಯು ಮುಖಸ್ತುತಿಯ ಚಿತ್ರಕಾರನೆಂದು ಹೆಸರಾದವನು. ಎರಡನೆಯ ಚಾರ್ಲ್ಸನು ಮರಳಿ ಬಂದ ಮೇಲೆ 1661ರಲ್ಲಿ ಆಸ್ಥಾನದ ಪ್ರಧಾನ ಚಿತ್ರಕಾರನಾದ ಲೀಲಿಯು ಅಲ್ಲಿಯ ಸುಂದರಿಯರ ಚಿತ್ರಮಾಲಿಕೆಯನ್ನೇ ರಚಿಸಿದನು. ಅವರೆಲ್ಲರಿಗೂ ಒಂದೇ ಬಗೆಯ ಅರೆನಿಮೀಲಿತ ನೇತ್ರಗಳು, ಒಂದೇ ಬಗೆಯ ಕಪೋಲಗಳು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸನು ಆ ಚಿತ್ರಗಳನ್ನು ನೋಡಿ ಕಲೆಯನ್ನು ಮೆಚ್ಚಿದರೂ ಹೋಲಿಕೆಯ ವಿಷಯದಲ್ಲಿ ಅತೃಪ್ತನಾಗಿದ್ದನು. ಇಂತಹ ಚಿತ್ರಕಾರನಿಗೆ ‘ಹೊಗಳಬೇಡ’ ಎಂದು ಆಜ್ಞಾಪಿಸಿದರೆ ಮಾತಿಗೆ ಮೊನೆ ಬರುತ್ತದೆ. ಸತ್ಯವಂತನಿಗೆ ಸತ್ಯ ಹೇಳೆಂದು ಆಜ್ಞಾಪಿಸುವುದರಲ್ಲಿ ಸ್ವಾರಸ್ಯವಿಲ್ಲ. ಹೀಗೆ ಲೋಕವು ತನಗೆ ಬೇಕಾದ ಪಾತ್ರವನ್ನು ಆಯ್ದುಕೊಂಡಂತೆ ತೋರುತ್ತದೆ.

ಯಾವ ಸರಳತೆಯೂ ನಿರುದ್ದೇಶವಲ್ಲ

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಕ್ರಾಮ್‌ವೆಲ್ಲನು ಜನಿಸಿದ 1599ರಲ್ಲಿಯೇ ಜನಿಸಿದ ಆ್ಯಂಟನಿ ವ್ಯಾನ್ ಡೈಕ್ ಎಂಬ ಮಹಾಚಿತ್ರಕಾರನು ಒಂದನೆಯ ಚಾರ್ಲ್ಸನ ಆಸ್ಥಾನದಲ್ಲಿದ್ದನು. ದೊರೆಯು ಗಿಡ್ಡ ನಿಲುವಿನವನು. ವ್ಯಾನ್ ಡೈಕನು ಆತನನ್ನು ಕುದುರೆಯ ಮೇಲೆ ಕುಳ್ಳಿರಿಸಿ, ನೋಡುವವನು ಕೆಳಗಿನಿಂದ ತಲೆಯೆತ್ತಿ ನೋಡುವಂತೆ ಬರೆದು, ಗಿಡ್ಡ ದೊರೆಯನ್ನು ಚಕ್ರವರ್ತಿಯಾಗಿ ಮಾಡಿದನು. ಅರಸೊತ್ತಿಗೆಯ ವೈಭವವು ಇಂತಹ ಚಿತ್ರಗಳ ಮೇಲೆ ನಿಂತಿತ್ತು. ಆ ಅರಸೊತ್ತಿಗೆಯನ್ನು ಕಿತ್ತೆಸೆದವರಿಗೆ ಅದಕ್ಕೆ ವಿರುದ್ಧವಾದ ಮುಖವೊಂದು ಬೇಕಾಗಿತ್ತು. ಆಡಂಬರವಿಲ್ಲದ, ಬಣ್ಣವಿಲ್ಲದ, ನರಹುಲಿಯನ್ನೂ ಮುಚ್ಚದ ಮುಖ. ಇದನ್ನು ಅರಿತರೆ ಕ್ರಾಮ್‌ವೆಲ್ಲನ ನರಹುಲಿಯು ಬರಿಯ ಪ್ರಾಮಾಣಿಕತೆಯ ಗುರುತಾಗಿ ಉಳಿಯದೆ ಒಂದು ಪಕ್ಷದ ಲಾಂಛನವೂ ಆಗಿತ್ತೆಂದು ತಿಳಿಯುತ್ತದೆ.

ಆದರೆ ಆ ಪಕ್ಷವೂ ಎಲ್ಲ ಕಾಲದಲ್ಲಿಯೂ ಈ ನಿಷ್ಠುರತೆಯನ್ನು ಪಾಲಿಸಲಿಲ್ಲ. 1649ರ ಸುಮಾರಿಗೆ ರಾಬರ್ಟ್ ವಾಕರನು ಬರೆದ ಕ್ರಾಮ್‌ವೆಲ್ಲನ ಚಿತ್ರವು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ. ಹೊಳೆಯುವ ಕವಚ, ಪಕ್ಕದಲ್ಲಿ ನಡುಪಟ್ಟಿ ಕಟ್ಟುತ್ತಿರುವ ಸೇವಕ ಬಾಲಕ, ವ್ಯಾನ್ ಡೈಕನಿಂದ ಕಡ ತಂದ ನಿಲುವು. ಅರಸನ ತಲೆ ಬಿದ್ದ ಕಾಲದಲ್ಲಿಯೇ ಅರಸನ ಚಿತ್ರಕಾರನ ಶೈಲಿಯು ಅರಸನ ವೈರಿಯ ಉಪಯೋಗಕ್ಕೆ ಬಂದಿತು. ಇದರಿಂದ ಕ್ರಾಮ್‌ವೆಲ್ಲನು ಕಪಟಿಯೆಂದು ತೀರ್ಮಾನಿಸಬೇಕಾಗಿಲ್ಲ. ಕಥೆಯ ಕ್ರಾಮ್‌ವೆಲ್ಲನಿಗಿಂತ ಇತಿಹಾಸದ ಕ್ರಾಮ್‌ವೆಲ್ಲನು ಹೆಚ್ಚು ಸಂಕೀರ್ಣನೆಂದು ಮಾತ್ರ ಹೇಳಬೇಕು.

ನರಹುಲಿ ಯಾವುದು, ದೋಷ ಯಾವುದು?

ಈಗ ನೀತಿಯ ಮುಖ್ಯ ಪ್ರಶ್ನೆಗೆ ಬರಬಹುದು. ನರಹುಲಿಯು ದೋಷವೆ? ಅದು ಚರ್ಮದ ವಿಕಾರ. ಅದನ್ನು ಹೊಂದಿದವನು ಅದನ್ನು ಆರಿಸಿಕೊಂಡವನಲ್ಲ. ಅದರಿಂದ ನೆರೆಯವನಿಗೆ ಕಿಂಚಿತ್ತೂ ಹಾನಿಯಿಲ್ಲ. ಅದನ್ನು ತೋರಿಸಿದವನ ಹೆಮ್ಮೆಗೆ ಕೊಂಚ ಕುಂದು ಬರಬಹುದು. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಆತನು ತೆರುವುದಿಲ್ಲ. ಮನುಷ್ಯನ ನಿಜವಾದ ದೋಷಗಳಾದ ಕ್ರೌರ್ಯ, ವಂಚನೆ, ಲೋಭ, ಅಹಂಕಾರಗಳು ಈ ಜಾತಿಗೆ ಸೇರಿದವಲ್ಲ. ಅವು ಆತನು ಮಾಡಿದವು, ಆತನು ಬಿಡಬಹುದಾದವು, ಮತ್ತು ಇನ್ನೊಬ್ಬರು ಅನುಭವಿಸಬೇಕಾದವು.

ಕ್ರಾಮ್‌ವೆಲ್ಲನ ಜೀವನದಲ್ಲಿಯೇ ಇದರ ಉದಾಹರಣೆಯುಂಟು. 1649ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡ್ರಾಹೆಡಾ ಪಟ್ಟಣವನ್ನು ಆತನ ಸೈನ್ಯವು ಹಿಡಿದಾಗ ಸಾವಿರಾರು ಮಂದಿ ಕೊಲ್ಲಲ್ಪಟ್ಟರು. ಅಕ್ಟೋಬರಿನಲ್ಲಿ ವೆಕ್ಸ್‌ಫರ್ಡ್ ಪಟ್ಟಣದಲ್ಲಿಯೂ ಭೀಕರ ಹತ್ಯೆ ನಡೆಯಿತು. ಡ್ರಾಹೆಡಾದ ಹತ್ಯೆಯನ್ನು ಕುರಿತು ಪಾರ್ಲಿಮೆಂಟಿಗೆ ಬರೆದ ಪತ್ರದಲ್ಲಿ ಆತನು ಅದನ್ನು ದೈವದ ನ್ಯಾಯವಾದ ತೀರ್ಪೆಂದು ಸಮರ್ಥಿಸಿಕೊಂಡನು. ಮರುವರ್ಷ, ಅಂದರೆ 1650ರ ಆಗಸ್ಟಿನಲ್ಲಿ, ಇದೇ ಕ್ರಾಮ್‌ವೆಲ್ಲನು ಸ್ಕಾಟ್‌ಲೆಂಡಿನ ಚರ್ಚಿನ ಮಹಾಸಭೆಗೆ ಬರೆದ ಪತ್ರದಲ್ಲಿ, ತಾವು ತಪ್ಪಿರಬಹುದೆಂಬ ಸಂಭವವನ್ನು ದಯವಿಟ್ಟು ಯೋಚಿಸಿ ನೋಡಬೇಕೆಂದು ಅವರನ್ನು ಬೇಡಿಕೊಂಡಿದ್ದಾನೆ. ಲೋಕದ ಉತ್ತಮ ಉಪದೇಶಗಳಲ್ಲಿ ಇದೂ ಒಂದು. ಆದರೆ ಈ ಉಪದೇಶವು ಎದುರಾಳಿಗಳಿಗೆ ಸಲ್ಲಿತೇ ಹೊರತು ಡ್ರಾಹೆಡಾದ ವಿಷಯದಲ್ಲಿ ತನಗೆ ಸಲ್ಲಲಿಲ್ಲ. ತನ್ನ ತುಟಿಯ ಕೆಳಗಿನ ನರಹುಲಿಯನ್ನು ಕಂಡವನಿಗೆ ತನ್ನ ಕೈಯ ಮೇಲಿನ ರಕ್ತವು ದೋಷವಾಗಿ ಕಾಣಲಿಲ್ಲ. ಐರ್ಲೆಂಡಿನ ಜನರು ಇಂದಿಗೂ ಆತನನ್ನು ನೆನೆಯುವುದು ನರಹುಲಿಯಿಂದಲ್ಲ.

ಇಲ್ಲಿ ಈ ನುಡಿಗಟ್ಟಿನ ಒಂದು ಅಪಾಯ ಬಯಲಾಗುತ್ತದೆ. ಚಿಕ್ಕ ದೋಷವನ್ನು ಧಾರಾಳವಾಗಿ ತೋರಿಸಿದವನು ದೊಡ್ಡ ದೋಷದ ಮೇಲೆ ಪರದೆ ಎಳೆಯಲು ಅನುಕೂಲ ಪಡೆಯುತ್ತಾನೆ. ‘ನನಗೆ ಸಿಟ್ಟು ಕೊಂಚ ಜಾಸ್ತಿ, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳುವವನಲ್ಲ’ ಎಂದು ಹೇಳಿಕೊಳ್ಳುವವರನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಈ ಮಾತಿನಲ್ಲಿ ದೋಷದ ನಿವೇದನೆ ಎಷ್ಟಿದೆ, ಗುಣದ ಜಾಹೀರಾತು ಎಷ್ಟಿದೆ ಎಂಬುದನ್ನು ತೂಗಿ ನೋಡಬೇಕು. ತೋರಿಸಲು ಆರಿಸಿಕೊಂಡ ದೋಷವು ಬಹಳ ವೇಳೆ ಅಲಂಕಾರವೇ ಆಗಿರುತ್ತದೆ.

ಜೀವನಚರಿತ್ರೆಯಲ್ಲಿ ಇದರ ಪರೀಕ್ಷೆ

ಈ ನುಡಿಗಟ್ಟು ಇಂದು ಹೆಚ್ಚಾಗಿ ಬಳಕೆಯಾಗುವುದು ಜೀವನಚರಿತ್ರೆಗಳ ವಿಷಯದಲ್ಲಿ. ನರಹುಲಿ ಸಹಿತವಾದ ಚರಿತ್ರೆ ಎಂದರೆ ಪೂಜ್ಯಭಾವದಿಂದ ಕಣ್ಣು ಮುಚ್ಚಿಕೊಳ್ಳದ ಚರಿತ್ರೆ. ಆಂಗ್ಲ ಸಾಹಿತ್ಯದಲ್ಲಿ ಇದರ ಪರವಾಗಿ ವಾದಿಸಿದವರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಅಗ್ರಗಣ್ಯನು. 1750ರಲ್ಲಿ ‘ದಿ ರ್‍ಯಾಂಬ್ಲರ್’ ಪತ್ರಿಕೆಯ 60ನೆಯ ಸಂಚಿಕೆಯಲ್ಲಿ ಬರೆದ ಪ್ರಬಂಧದಲ್ಲಿ, ಸತ್ತವರ ನೆನಪಿಗೆ ಗೌರವ ಸಲ್ಲಬೇಕೆಂಬುದು ನಿಜವಾದರೂ ಜ್ಞಾನಕ್ಕೂ ಶೀಲಕ್ಕೂ ಸತ್ಯಕ್ಕೂ ಸಲ್ಲಬೇಕಾದ ಗೌರವವು ಅದಕ್ಕಿಂತ ದೊಡ್ಡದೆಂದು ಆತನು ಪ್ರತಿಪಾದಿಸಿದನು. 1791ರಲ್ಲಿ ಜೇಮ್ಸ್ ಬಾಸ್‌ವೆಲ್ ಬರೆದ ಜಾನ್ಸನ್ನನ ಜೀವನಚರಿತ್ರೆಯು ಈ ತತ್ತ್ವವನ್ನು ಜಾನ್ಸನ್ನನ ಮೇಲೆಯೇ ಪ್ರಯೋಗಿಸಿತು. ಆತನ ಒರಟುತನ, ಮಾತಿನ ಕಾಠಿಣ್ಯ, ವಿಚಿತ್ರವಾದ ಅಭ್ಯಾಸಗಳು, ಸಾವಿನ ಭಯ ಎಲ್ಲವೂ ಅಲ್ಲಿ ಬಂದಿವೆ. ಆದರೂ ಓದುಗನು ಗ್ರಂಥವನ್ನು ಮುಚ್ಚುವಾಗ ಜಾನ್ಸನ್ನನನ್ನು ಹೆಚ್ಚು ಪ್ರೀತಿಸುತ್ತಾನೆಯೇ ಹೊರತು ಕಡಿಮೆ ಪ್ರೀತಿಸುವುದಿಲ್ಲ. ಕುಂದುಗಳನ್ನು ಕಾಣಿಸಿದರೆ ಗೌರವ ಅಳಿಯುವುದೆಂಬ ಭಯವು ನಿರಾಧಾರವೆಂಬುದಕ್ಕೆ ಇದೊಂದು ದೊಡ್ಡ ಸಾಕ್ಷಿ.

ಇದಕ್ಕಿಂತಲೂ ಬೋಧಪ್ರದವಾದುದು ಥಾಮಸ್ ಕಾರ್ಲೈಲನ ಪ್ರಸಂಗ. 1845ರಲ್ಲಿ ಕ್ರಾಮ್‌ವೆಲ್ಲನ ಪತ್ರಗಳನ್ನೂ ಭಾಷಣಗಳನ್ನೂ ಸಂಗ್ರಹಿಸಿ ಪ್ರಕಟಿಸಿ, ಅದುವರೆಗೆ ಅನೇಕರಿಗೆ ಕಪಟಿಯಾಗಿದ್ದವನನ್ನು ವೀರನನ್ನಾಗಿ ಮಾಡಿದವನು ಈತನೇ. ಆಂಗ್ಲರ ಜೀವನಚರಿತ್ರೆಗಳ ಅಳುಕುತನವನ್ನು ಈತನು ಪರಿಹಾಸ್ಯ ಮಾಡಿದ್ದನು. 1866ರಲ್ಲಿ ಹೆಂಡತಿ ಜೇನ್ ತೀರಿಕೊಂಡ ಮೇಲೆ ಆಕೆಯ ಪತ್ರಗಳನ್ನು ಓದುತ್ತ ತಾನು ಆಕೆಯನ್ನು ಎಷ್ಟು ನೋಯಿಸಿದ್ದೆನೆಂಬುದು ಕಾರ್ಲೈಲನಿಗೆ ಅರಿವಾಯಿತು. ಪಶ್ಚಾತ್ತಾಪದಿಂದ ಬೆಂದು, ಆ ಪತ್ರಗಳಿಗೆ ತಾನೇ ಟಿಪ್ಪಣಿಗಳನ್ನು ಬರೆದು, 1871ರಲ್ಲಿ ಸ್ನೇಹಿತನಾದ ಜೇಮ್ಸ್ ಆಂಟನಿ ಫ್ರೂಡನ ಕೈಗೆ ಒಪ್ಪಿಸಿದನು. 1881ರಲ್ಲಿ ಕಾರ್ಲೈಲನು ನಿಧನನಾದ ಮೇಲೆ ಫ್ರೂಡನು 1882ರಿಂದ 1884ರ ಒಳಗೆ ನಾಲ್ಕು ಸಂಪುಟಗಳ ಜೀವನಚರಿತ್ರೆಯನ್ನು ಪ್ರಕಟಿಸಿ, ಗುರುವಿನ ಗೃಹಜೀವನದ ಕಹಿಯನ್ನು ಮುಚ್ಚಿಡದೆ ಬರೆದನು. ಕಾರ್ಲೈಲನ ಅಭಿಮಾನಿಗಳೂ ಬಂಧುಗಳೂ ಕೆರಳಿ ಎದ್ದರು. ಫ್ರೂಡನಿಗೆ ಮಿತ್ರದ್ರೋಹಿಯೆಂಬ ಅಪಕೀರ್ತಿ ಬಂದು, ಆತನು ಸತ್ತ ಮೇಲೆಯೂ ವಾದವಿವಾದ ನಿಲ್ಲಲಿಲ್ಲ.

ಕ್ರಾಮ್‌ವೆಲ್ಲನ ಪ್ರಸಂಗವನ್ನೂ ಕಾರ್ಲೈಲನ ಪ್ರಸಂಗವನ್ನೂ ಜೊತೆಯಾಗಿ ಇಟ್ಟು ನೋಡಬೇಕು. ಮೊದಲನೆಯವನು ತೋರಿಸಿದುದು ಚರ್ಮದ ವಿಕಾರವನ್ನು. ಎರಡನೆಯವನು ತೋರಿಸಿದುದು ತಾನು ಮಾಡಿದ ತಪ್ಪನ್ನು. ಮೊದಲನೆಯವನಿಗೆ ಅದರಿಂದ ಕೀರ್ತಿ ಬಂದಿತು. ಎರಡನೆಯವನಿಗೆ ಕೀರ್ತಿ ಕುಂದಿತು. ಮೊದಲನೆಯ ಕಥೆಯನ್ನು ಲೋಕವು ನುಡಿಗಟ್ಟಾಗಿ ಮಾಡಿಕೊಂಡಿತು. ಎರಡನೆಯದನ್ನು ನಂಬಿ ನಿರ್ವಹಿಸಿದ ಸ್ನೇಹಿತನನ್ನು ಬೈದಿತು. ನಿಜವಾದ ದೋಷವನ್ನು ತೋರಿಸಿದರೆ ಲೋಕವು ಎಷ್ಟು ಮಟ್ಟಿಗೆ ಸಹಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕನ್ನಡದಲ್ಲಿ ‘ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಎಂಬ ಗಾದೆ ಹುಟ್ಟಿರುವುದು ಸುಮ್ಮನೆ ಅಲ್ಲ.

ಅರ್ಥದ ಪಲ್ಲಟ

ಇನ್ನು ನುಡಿಗಟ್ಟಿನ ಎರಡನೆಯ ಅರ್ಥ. ಇತ್ತೀಚಿನ ದಶಕಗಳಲ್ಲಿ ಈ ಮಾತು ‘ನನ್ನನ್ನು ನನ್ನ ದೋಷಗಳೊಡನೆಯೇ ಒಪ್ಪಿಕೊಳ್ಳಿ’ ಎಂಬ ಕೋರಿಕೆಯಾಗಿ, ಕೆಲವು ವೇಳೆ ಹಕ್ಕೊತ್ತಾಯವಾಗಿ ಕೇಳಿಬರುತ್ತಿದೆ. ಮೂಲಕಥೆಯನ್ನು ಮತ್ತೆ ನೋಡಿದರೆ ಇದು ಎಷ್ಟು ದೂರ ಸರಿದ ಅರ್ಥವೆಂದು ತಿಳಿಯುವುದು. ಕಥೆಯಲ್ಲಿರುವ ಕ್ರಿಯಾಪದ ‘ಬರೆ’. ಈಗಿನ ಮಾತಿನ ಕ್ರಿಯಾಪದ ‘ಒಪ್ಪಿಕೊ’. ಕಥೆಯಲ್ಲಿ ಮಾತನಾಡುವವನು ತನ್ನ ಮೇಲೆ ಒಂದು ಕಷ್ಟವನ್ನು ಹೇರಿಕೊಳ್ಳುತ್ತಾನೆ. ಈಗಿನ ಮಾತಿನಲ್ಲಿ ಮಾತನಾಡುವವನು ಕೇಳುವವನ ಮೇಲೆ ಕಷ್ಟವನ್ನು ಹೇರುತ್ತಾನೆ. ಕ್ರಾಮ್‌ವೆಲ್ಲನು ಚಿತ್ರಕಾರನಿಗೆ ನರಹುಲಿಯನ್ನು ಕಾಣು ಎಂದನೇ ಹೊರತು ಮೆಚ್ಚು ಎನ್ನಲಿಲ್ಲ.

ಲೆಕ್ಕಪತ್ರದ ವ್ಯವಹಾರ ಬಲ್ಲವರಿಗೆ ಈ ಭೇದ ಸುಲಭವಾಗಿ ತಿಳಿಯಬೇಕು. ಪ್ರಾಮಾಣಿಕನಾದ ವರ್ತಕನು ವಸೂಲಾಗದ ಸಾಲವನ್ನು ಅಢಾವೆ ಪತ್ರಿಕೆಯಲ್ಲಿ ವಸೂಲಾಗದ ಸಾಲವೆಂದೇ ತೋರಿಸುತ್ತಾನೆ. ಪಾಲುದಾರರು ಅದನ್ನು ಪ್ರೀತಿಸಲಿ ಎಂಬುದು ಉದ್ದೇಶವಲ್ಲ. ಇಲ್ಲದ ಆಸ್ತಿಯನ್ನು ಇದೆಯೆಂದು ನಂಬಿ ಯಾರೂ ಮೋಸಹೋಗಬಾರದು, ಮುಂದಿನ ವರ್ಷ ಅದೇ ತಪ್ಪು ಮರುಕಳಿಸಬಾರದು ಎಂಬುದೇ ಉದ್ದೇಶ. ತೋರಿಸಿದ ಮಾತ್ರಕ್ಕೆ ನಷ್ಟವು ಲಾಭವಾಗುವುದಿಲ್ಲ. ಆದರೆ ತೋರಿಸದಿದ್ದರೆ ನಷ್ಟವು ಒಳಗೊಳಗೇ ಬೆಳೆದು ಅಂಗಡಿಯನ್ನೇ ನುಂಗುತ್ತದೆ. ದೋಷವನ್ನು ದಾಖಲಿಸುವುದು ತಿದ್ದುಪಡಿಯ ಮೊದಲ ಹೆಜ್ಜೆ. ಅದನ್ನೇ ಕೊನೆಯ ಹೆಜ್ಜೆಯೆಂದು ಭಾವಿಸಿ, ದಾಖಲಿಸಿದ್ದೇನೆ, ಇನ್ನು ಒಪ್ಪಿಕೊಳ್ಳಿ ಎನ್ನುವುದು ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದಂತೆ.

ಹಾಗೆಂದು ಒಪ್ಪಿಕೊಳ್ಳುವಿಕೆಯೇ ಕೂಡದೆಂದು ಅರ್ಥವಲ್ಲ. ದಾಂಪತ್ಯವಾಗಲಿ, ಸ್ನೇಹವಾಗಲಿ, ಕೂಡುಕುಟುಂಬವಾಗಲಿ ಪರಸ್ಪರರ ಕುಂದುಗಳನ್ನು ಸಹಿಸದೆ ಒಂದು ದಿನವೂ ನಡೆಯಲಾರದು. ಆದರೆ ಆ ಸಹನೆಯು ಕೊಡುವವನ ದಾನವೇ ಹೊರತು ಪಡೆಯುವವನ ಹಕ್ಕಲ್ಲ. ಅತ್ತೆಯ ಮರೆವು, ಸೊಸೆಯ ಅಡಿಗೆಯ ನಿಧಾನ, ಮಗನ ಮಾತಿನ ತೊದಲು ಇವು ನರಹುಲಿಗಳು. ಇವನ್ನು ಎಣಿಸುವವನೇ ಸಣ್ಣವನು. ಸಂಬಂಧ ಕೂಡಿಸುವಾಗ ವರನ ಸಾಲವನ್ನೋ ದುರಭ್ಯಾಸವನ್ನೋ ಮುಚ್ಚಿಟ್ಟು, ಮದುವೆಯ ನಂತರ ‘ಮನುಷ್ಯನೆಂದ ಮೇಲೆ ಕುಂದಿಲ್ಲದೆ ಇರುವುದೇ, ಹೊಂದಿಕೊಂಡು ಹೋಗು’ ಎಂದು ಹೆಣ್ಣಿಗೆ ಉಪದೇಶಿಸುವುದು ಬೇರೆ ಮಾತು. ಅಲ್ಲಿ ಸತ್ಯವನ್ನು ತೋರಿಸುವ ಮೊದಲನೆಯ ಕರ್ತವ್ಯವನ್ನು ತಪ್ಪಿಸಿ ಒಪ್ಪಿಕೊಳ್ಳುವ ಎರಡನೆಯ ಭಾರವನ್ನು ಮಾತ್ರ ಇನ್ನೊಬ್ಬರ ತಲೆಗೆ ಕಟ್ಟಲಾಗಿದೆ. ನುಡಿಗಟ್ಟಿನ ಎರಡು ಅರ್ಥಗಳು ಒಂದರೊಳಗೊಂದು ಕಲಸಿಹೋದುದರ ಫಲವನ್ನು ಇಂತಹ ಮನೆಗಳಲ್ಲಿ ಕಾಣಬಹುದು.

ತನ್ನ ದೋಷ, ಪರರ ದೋಷ

ಈ ವಿಚಾರದಲ್ಲಿ ಶ್ರಾವಕಾಚಾರದ ಪರಿಚಯವಿರುವ ವಾಚಕರಿಗೆ ಒಂದು ಸಂದೇಹ ಏಳುವುದು ಸಹಜ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಷ್ಟೆ. ಪರರ ದೋಷವನ್ನು ಮರೆಮಾಡುವುದೇ ಧರ್ಮಾಂಗವಾಗಿರುವಾಗ, ಎಲ್ಲವನ್ನೂ ತೋರಿಸಬೇಕೆಂಬ ಆಂಗ್ಲರ ಮಾತಿಗೆ ಇಲ್ಲಿ ಎಡೆಯೆಲ್ಲಿ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ಅಂಗಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. ವ್ರತಿಯ ವೇಷದಲ್ಲಿ ಬಂದು ಚೈತ್ಯಾಲಯದ ರತ್ನವನ್ನು ಕದ್ದ ಕಳ್ಳನು ಸಿಕ್ಕಿಬಿದ್ದಾಗ, ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು ಜನರೆದುರು ಆತನನ್ನು ರಕ್ಷಿಸಿ, ಬಳಿಕ ಏಕಾಂತದಲ್ಲಿ ಗದರಿಸಿ ಕಳುಹಿಸಿದನೆಂಬ ಕಥೆ ಸುಪರಿಚಿತವಾಗಿದೆ.

ಈ ಕಥೆಯನ್ನು ಸಾವಧಾನವಾಗಿ ಓದಿದರೆ ವಿರೋಧವು ಕರಗುತ್ತದೆ. ಶ್ರೇಷ್ಠಿಯು ಮುಚ್ಚಿದುದು ಪರರ ದೋಷವನ್ನೇ ಹೊರತು ತನ್ನ ದೋಷವನ್ನಲ್ಲ. ಕಳ್ಳನನ್ನು ಮತ್ತೆ ಚೈತ್ಯಾಲಯದ ಕಾವಲಿಗೆ ಇಡಲೂ ಇಲ್ಲ. ತನ್ನ ದೋಷದ ವಿಷಯದಲ್ಲಿ ಶಾಸ್ತ್ರವು ಹೇಳುವುದು ಆಲೋಚನೆಯನ್ನು, ಪ್ರತಿಕ್ರಮಣವನ್ನು. ಅಂದರೆ ದೋಷವನ್ನು ಗುರುವಿನ ಮುಂದೆ ತೆರೆದಿಡುವುದನ್ನು, ಅದರಿಂದ ಹಿಂದಿರುಗುವುದನ್ನು. ಉಪಗೂಹನದ ಹೆಸರಿನಲ್ಲಿ ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ದೇವಸ್ಥಾನದ ಅಥವಾ ವಿದ್ಯಾರ್ಥಿನಿಲಯದ ಲೆಕ್ಕದಲ್ಲಿ ಕೊರತೆ ಕಂಡಾಗ ‘ಸಮಾಜದ ಮರ್ಯಾದೆ’ ಎಂಬ ಮಾತಿನಿಂದ ವಾರ್ಷಿಕ ವರದಿಯನ್ನು ನುಣುಪು ಮಾಡುವ ವಿಶ್ವಸ್ತರು ಉಪಗೂಹನವನ್ನು ಆಚರಿಸುತ್ತಿಲ್ಲ. ಅವರು ತಮ್ಮ ಭಾವಚಿತ್ರವನ್ನು ತಾವೇ ತಿದ್ದಿಕೊಳ್ಳುತ್ತಿದ್ದಾರೆ. ಲೋಕದ ವಾಡಿಕೆಯಾದರೋ ಇದಕ್ಕೂ ವಿಪರೀತ: ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣವನ್ನು ಎತ್ತಿ ತೋರಿಸುವುದು. ‘ನರಹುಲಿ ಸಹಿತ’ ಎಂಬ ಮಾತನ್ನು ಪರರ ಚರಿತ್ರೆ ಬರೆಯುವಾಗ ಉತ್ಸಾಹದಿಂದ ಬಳಸಿ, ತನ್ನ ಚಿತ್ರ ಬರೆಯಿಸುವಾಗ ಮರೆಯುವವರೇ ಹೆಚ್ಚು.

ಉಪಸಂಹಾರ

ಒಟ್ಟಿನಲ್ಲಿ ಈ ನುಡಿಗಟ್ಟಿನ ಮೂಲಕಥೆಯು ಐತಿಹಾಸಿಕವಾಗಿ ದುರ್ಬಲವಾದರೂ ನೈತಿಕವಾಗಿ ಗಟ್ಟಿಯಾದುದು. ಕ್ರಾಮ್‌ವೆಲ್ಲನು ಆ ಮಾತನ್ನು ಆಡಿದ್ದನೋ ಇಲ್ಲವೋ, ಲೀಲಿಯ ಮುಂದೆ ಕುಳಿತಿದ್ದನೋ ಇಲ್ಲವೋ, ಆ ಮಾತಿನಲ್ಲಿರುವ ಮೂರು ಅಂಶಗಳು ಉಳಿಯುತ್ತವೆ. ದೋಷವನ್ನು ತೋರಿಸಲು ಅಪ್ಪಣೆ ಕೊಡುವವನು ದೋಷವುಳ್ಳವನೇ ಆಗಿರಬೇಕು. ತೋರಿಸುವವನಿಗೆ ಭಯವಿರಬಾರದು, ಸತ್ಯ ಹೇಳಿದರೆ ಶಿಕ್ಷೆಯ ಬದಲು ಸಂಬಳ ದೊರೆಯಬೇಕು. ತೋರಿಸಿದ ಮೇಲೆ ಅದನ್ನು ಮೆಚ್ಚಬೇಕೆಂಬ ಬಲಾತ್ಕಾರ ಯಾರ ಮೇಲೂ ಇರಬಾರದು. ಇವುಗಳಲ್ಲಿ ಎರಡನೆಯದು ಅತ್ಯಂತ ಕಠಿಣವಾದುದು. ಕುಟುಂಬದ ಹಿರಿಯರಾಗಲಿ, ಸಂಸ್ಥೆಗಳ ಅಧ್ಯಕ್ಷರಾಗಲಿ ತಮ್ಮ ಸುತ್ತ ಇರುವವರಲ್ಲಿ ಒಬ್ಬರಿಗಾದರೂ ಇಂತಹ ಅಭಯವನ್ನು ಕೊಟ್ಟಿದ್ದಾರೆಯೇ ಎಂದು ವಿಚಾರಿಸಿಕೊಳ್ಳಬೇಕು. ಲೆಕ್ಕ ಬರೆಯುವ ಗುಮಾಸ್ತನು ಕೊರತೆಯನ್ನು ಕಂಡ ದಿನವೇ ಬಂದು ಹೇಳುವನೋ, ಅಥವಾ ಎದೆಗೆ ಒದೆ ಬೀಳುವುದೆಂದು ಸುಮ್ಮನಿರುವನೋ ಎಂಬುದರಿಂದ ಇದನ್ನು ತಿಳಿಯಬಹುದು.

ಕ್ರಾಮ್‌ವೆಲ್ಲನ ದೇಹವನ್ನು ಆತನ ವೈರಿಗಳು ಸಮಾಧಿಯಿಂದ ಹೊರತೆಗೆದು, 1661ರ ಜನವರಿ 30ರಂದು, ಅಂದರೆ ದೊರೆಯ ವಧೆಯಾದ ದಿನದಂದೇ, ಟೈಬರ್ನ್ ಎಂಬಲ್ಲಿ ನೇಣಿಗೆ ಹಾಕಿ, ತಲೆಯನ್ನು ವೆಸ್ಟ್‌ಮಿನ್‌ಸ್ಟರ್ ಹಾಲಿನ ಮೇಲೆ ಕಂಬಕ್ಕೆ ಸಿಕ್ಕಿಸಿದರು. ಆತನದೆಂದು ನಂಬಲಾದ ಆ ತಲೆಯು ಅನೇಕರ ಕೈ ಬದಲಾಯಿಸಿ ಕೊನೆಗೆ 1960ರಲ್ಲಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನ ಆವರಣದಲ್ಲಿ ಹೂಳಲ್ಪಟ್ಟಿತು. ಆತನನ್ನು ದೇವರೆಂದವರೂ ರಾಕ್ಷಸನೆಂದವರೂ ಆತನ ಚಿತ್ರವನ್ನು ತಮತಮಗೆ ಬೇಕಾದಂತೆ ತಿದ್ದಿದರು. ಅಂಗೈಯಗಲದ ಅಪೂರ್ಣ ಚಿತ್ರದಲ್ಲಿ ಕೂಪರನು ಬರೆದ ಮುಖವು ಮಾತ್ರ ಇಬ್ಬರಿಗೂ ಒಗ್ಗದೆ, ದಣಿದ ಕಣ್ಣುಗಳಿಂದ ಇಂದಿಗೂ ನೋಡುತ್ತಿದೆ.